ಹೆಂಚಿನ ತಪ್ಪಲ್ಲ, ಮಾಡು ಮಲಗಿದೆ: ನಮ್ಮ ಮನೆಗಳ ಇಳಿಜಾರಿನ ಇತಿಹಾಸ

ಬಸ್ಸಲ್ಲೋ ಟ್ರೇನಲ್ಲೋ ಕೂತು ಈ ಎಪಿಸೋಡ್ ಕೇಳ್ತಿದ್ರೆ ಒಂದು ಸಲ ಕಿಟಕಿ ಆಚೆ ನೋಡಿ. ಕಾಣ್ತಿರೋ ಮನೆಗಳ ಬಣ್ಣ ಬಿಡಿ, ತಲೆ ನೋಡಿ. ಹೆಂಚಾ, ಶೀಟಾ, ತಾರಸಿನಾ? ಎಷ್ಟು ಓರೆಯಾಗಿದೆ? ಇವತ್ತಿನ ಕಥೆ ಆ ಓರೆಯದ್ದು. ಮನೆ ಮೇಲ್ಛಾವಣಿಯ ಇಳಿಜಾರನ್ನ ಯಾರು ತೀರ್ಮಾನ ಮಾಡಿದ್ರು, ಯಾಕೆ ಅಷ್ಟೇ ಮಾಡಿದ್ರು, ಅದನ್ನ ಮರೆತ್ರೆ ಏನಾಗುತ್ತೆ ಅನ್ನೋದು.

ಈ ವಿಷಯ ನನ್ನ ತಲೆಗೆ ಬಂದಿದ್ದು ಅಜ್ಜಿ ಮನೆಯಿಂದ. ತೀರ್ಥಹಳ್ಳಿ ಕಡೆ ಒಂದು ಹಳೇ ಹೆಂಚಿನ ಮನೆ. ಎರಡು ವರ್ಷದ ಹಿಂದೆ ಮಾವ ಹಿಂಬದಿಗೆ ಒಂದು ಅಡುಗೆಮನೆ ಸೇರಿಸಿದ್ರು. ಹೊಸ ಪಕ್ಕಾಸು, ಹೊಸ ರೀಪು, ಹೊಸ ಹೆಂಚು. ಮೊದಲ ಮಳೆಗಾಲದಲ್ಲೇ ಸೋರೋಕೆ ಶುರು. ಒಲೆ ಪಕ್ಕ ಒಂದು ಪಾತ್ರೆ, ಅಕ್ಕಿ ಡಬ್ಬದ ಪಕ್ಕ ಇನ್ನೊಂದು. ತಮಾಷೆ ಅಂದ್ರೆ, ಅಜ್ಜಿ ಮದುವೆಯಾಗಿ ಬಂದಾಗಲೇ ಇದ್ದ ಹಳೇ ಭಾಗ ಒಂದು ಹನಿ ಸೋರ್ತಿರಲಿಲ್ಲ. ಎಲ್ಲರೂ ಹೊಸ ಹೆಂಚಿಗೆ ಬೈದ್ರು. "ಈಗಿನ ಮಾಲೇ ಇಷ್ಟು" ಅಂದ್ರು. ಹೆಂಚು ಬದಲಾಯಿಸಿದ್ರು, ಮತ್ತೂ ಸೋರಿತು.

ಕೊನೆಗೆ ಊರಿನ ವಯಸ್ಸಾದ ಆಚಾರ್ರನ್ನ ಕರೆಸಿದ್ರು. ಅವರು ಮೇಲೆ ಹತ್ತಲೇ ಇಲ್ಲ. ಅಂಗಳದಲ್ಲಿ ನಿಂತು ಹಳೇ ಭಾಗ ನೋಡಿದ್ರು, ಹೊಸ ಭಾಗ ನೋಡಿದ್ರು, ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡು ಹೇಳಿದ್ರು: "ಹೆಂಚಿನ ತಪ್ಪಲ್ಲ ಮಾರಾಯ್ರೇ. ಮಾಡು ಮಲಗಿದೆ."

ಮಾಡು ಅಂದ್ರೆ ಇಳಿಜಾರು ಚಾವಣಿ. ಮಲಗಿದೆ ಅಂದ್ರೆ ಇರಬೇಕಾದಷ್ಟು ಓರೆ ಇಲ್ಲ, ಹೆಚ್ಚುಕಡಿಮೆ ಮಟ್ಟವಾಗಿಬಿಟ್ಟಿದೆ. ಹಳೇ ಸೂರಿನ ಕೆಳಗೆ ಸೇರಿಸೋಕೆ ಹೋಗಿ ಗೋಡೆ ಎತ್ತರ ಸಾಲಲಿಲ್ಲ, ಅದಕ್ಕೆ ಓರೆ ಕಮ್ಮಿ ಮಾಡಿದ್ರು. ಅಷ್ಟೇ ಆಗಿದ್ದು. ಬಿ.ಕಾಂ ಓದಿದ ನಾನು ಕೋನಗಳ ಲೆಕ್ಕವನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ದಿನವೇ ಮರೆತವರ ಪೈಕಿ. ಆದ್ರೆ ಆ ಮಾತು ಕೇಳಿದ ಮೇಲೆ ಹುಡುಕ್ತಾ ಹೋದೆ. ಸಿಕ್ಕಿದ್ದು ಕರ್ನಾಟಕದ ಉದ್ದಗಲದ ಕಥೆ.

ಮೊದಲು ಮಳೆ ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಅದು ಸರಿಯಾಗಿ ಒಂದು ಲೀಟರ್ ನೀರು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ. 100 ಚದರ ಮೀಟರ್ ಮನೆ ಇದ್ರೆ ಅದರ ತಲೆ ಮೇಲೆ 7 ಲಕ್ಷ ಲೀಟರ್ ನೀರು ಬೀಳುತ್ತೆ, ಅದೂ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ವಿಜಯಪುರದಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಅದೇ ಅಳತೆ ಮನೆ ಮೇಲೆ 60 ಸಾವಿರ ಲೀಟರ್. ಒಂದೇ ರಾಜ್ಯ, ಒಂದೇ ಭಾಷೆ, ಆದ್ರೆ ಮನೆ ತಲೆ ಮೇಲಿನ ಭಾರ ಹತ್ತು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಹಾಗಾದ್ರೆ ಮಳೆ ಜಾಸ್ತಿ ಇದ್ದಲ್ಲಿ ಓರೆ ಜಾಸ್ತಿ, ಕಮ್ಮಿ ಇದ್ದಲ್ಲಿ ಮಟ್ಟ. ಕಥೆ ಮುಗೀತಲ್ಲ? ಮುಗಿಯಲಿಲ್ಲ. ಮಳೆ ಅರ್ಧ ಕಥೆ ಮಾತ್ರ. ಉಳಿದರ್ಧ ಇರೋದು ಸಂದಿಯಲ್ಲಿ. ಮೇಲೆ ಹೊದಿಸೋ ವಸ್ತುವಿನಲ್ಲಿ ಎಷ್ಟು ಸಂದಿಗಳಿವೆ, ಆ ಸಂದಿಗಳನ್ನ ಯಾವುದು ಕಾಯ್ತಿದೆ ಅನ್ನೋದ್ರಲ್ಲಿ.

ಹುಲ್ಲಿನಿಂದ ಶುರು ಮಾಡೋಣ. ಕರಾವಳಿಯಲ್ಲಿ ಮುಳಿಹುಲ್ಲು, ಮಲೆನಾಡಲ್ಲಿ ಅಡಿಕೆ ಸೋಗೆ. ಯೋಚನೆ ಮಾಡಿ, ಹುಲ್ಲಿನ ಹೊದಿಕೆ ಅಂದ್ರೆ ಬರೀ ಸಂದಿಗಳೇ. ಲಕ್ಷಾಂತರ ಸಂದಿ! ಆದ್ರೂ ಅದು ಯಾಕೆ ಸೋರಲ್ಲ? ಯಾಕಂದ್ರೆ ನೀರಿಗೆ ಒಳಗೆ ಇಳಿಯೋಕೆ ಪುರುಸೊತ್ತು ಸಿಗಲ್ಲ. ಕಡಿದಾದ ಓರೆಯಲ್ಲಿ ಹನಿ ಒಂದು ಎಳೆಯಿಂದ ಇನ್ನೊಂದು ಎಳೆಗೆ ಜಾರಿ ಜಾರಿ ಸೂರು ಸೇರುತ್ತೆ. ಮೇಲಿನ ಪದರ ಮಾತ್ರ ನೆನೆಯುತ್ತೆ, ಕೆಳಗಿನದು ಒಣಗಿರುತ್ತೆ. ಅದಕ್ಕೇ ಹುಲ್ಲಿನ ಮನೆಗೆ 45 ಡಿಗ್ರಿ ಆಸುಪಾಸಿನ ಓರೆ ಬೇಕು. ಡಿಗ್ರಿ ಬೇಡ ಅಂದ್ರೆ ಹೀಗೆ ಹೇಳ್ತೀನಿ: ಗೋಡೆಯಿಂದ ಒಳಗೆ 10 ಅಡಿ ಹೋದ್ರೆ ಮಾಡು 10 ಅಡಿ ಮೇಲೇರಿರಬೇಕು. ಓರೆ ಕಮ್ಮಿ ಆಯ್ತಾ, ನೀರು ನಿಲ್ಲುತ್ತೆ, ಹುಲ್ಲು ಕೊಳೆಯುತ್ತೆ.

ಈಗ ಘಟ್ಟ ಹತ್ತಿ ಉತ್ತರಕ್ಕೆ, ಬಯಲಿಗೆ ಬನ್ನಿ. ಅಲ್ಲಿರೋದು ಮಣ್ಣಿನ ಮಾಳಿಗೆ. ಕಂಬ, ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ದಪ್ಪ ಮಣ್ಣು. ಇಲ್ಲಿ ಸಂದಿಯೇ ಇಲ್ಲ, ಇಡೀ ಹೊದಿಕೆ ಒಂದೇ ಹಾಸು. ಅದಕ್ಕೆ ಬಳಸ್ತಿದ್ದದ್ದು ಚೌಳು ಮಣ್ಣು, ಹೊಲಕ್ಕೆ ಉಪಯೋಗಕ್ಕೆ ಬಾರದ ಉಪ್ಪಿನಂಶದ ಮಣ್ಣು. ಬೆಳೆಗೆ ಶತ್ರುವಾದ ಗುಣವೇ ಮಾಳಿಗೆಗೆ ಮಿತ್ರ. ಒದ್ದೆಯಾದ್ರೆ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನ ಮುಚ್ಚಿಬಿಡುತ್ತೆ, ನೀರು ಒಳಗೆ ಇಳಿಯಲ್ಲ. ಆದ್ರೆ ಇಂಥ ಮಾಳಿಗೆಗೆ 30 ಡಿಗ್ರಿ ಓರೆ ಕೊಟ್ಟು ನೋಡಿ. ಮೊದಲ ಜೋರು ಮಳೆಗೆ ಮಣ್ಣೆಲ್ಲ ಬೀದಿಗೆ ಬಂದಿರುತ್ತೆ. ಅದಕ್ಕೆ ಓರೆ ಇದ್ದೂ ಇಲ್ಲದಂತೆ, ನೀರು ದೋಣಿ ಕಡೆಗೆ ನಿಧಾನಕ್ಕೆ ಹೋದ್ರೆ ಸಾಕು ಅನ್ನೋ ಅಷ್ಟು. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡೋದು ಮನೆಯವರ ಕೆಲಸ. ಪ್ರತಿಫಲ ಏನು? ಮೆಣಸಿನಕಾಯಿ ಒಣಗಿಸೋಕೆ, ಬೇಸಿಗೆ ರಾತ್ರಿ ಮಲಗೋಕೆ ಒಂದು ಇಡೀ ಮಹಡಿ.

ಅಂದ್ರೆ ಓರೆ ಜಾಸ್ತಿ ಇದ್ರೆ ಒಳ್ಳೇದು ಅಂತಲೂ ಅಲ್ಲ. ಹುಲ್ಲಿಗೆ ಅಮೃತ ಆಗಿದ್ದು ಮಣ್ಣಿಗೆ ವಿಷ.

ಕಲ್ಲಿನಲ್ಲಿ ಇದೇ ಲೆಕ್ಕ ನೋಡಬೇಕಾ? ಐಹೊಳೆಗೆ ಹೋಗಿ. ಚಾಲುಕ್ಯರ ಕಾಲದ ಲಾಡ್‌ಖಾನ್ ಗುಡಿ. ಬಹಳ ಜನ ಕಂಬದ ಹತ್ತಿರ ಫೋಟೋ ತೆಗೆದು ಬರ್ತಾರೆ. ಮೇಲೆ ನೋಡಿ. ಚಾವಣಿಗೆ ದೊಡ್ಡ ದೊಡ್ಡ ಕಲ್ಲಿನ ಚಪ್ಪಡಿ ಓರೆಯಾಗಿ ಹಾಸಿದಾರೆ. ಎರಡು ಚಪ್ಪಡಿ ಸೇರೋ ಜಾಗದಲ್ಲಿ, ಸಂದಿ ಮೇಲೆ ಸರಿಯಾಗಿ, ಉದ್ದನೆಯ ಕಲ್ಲಿನ ಪಟ್ಟಿ ಕೂರಿಸಿದಾರೆ. ಮರದ ಮನೆಯ ಪಟ್ಟಿಗಳ ಹಾಗೆ ಕಾಣುತ್ತೆ. ಅದು ಬರೀ ಅಲಂಕಾರ ಅಲ್ಲ. ಸಂದಿಯಲ್ಲಿ ನೀರು ಇಳಿಯದ ಹಾಗೆ ತಡೆಯೋ ಮುಚ್ಚಳ. ಚಪ್ಪಡಿ ದೊಡ್ಡದು, ಸಂದಿ ಕಮ್ಮಿ, ಮಳೆಯೂ ಕಮ್ಮಿ, ಆದ್ರಿಂದ ಓರೆಯೂ ಕಮ್ಮಿ.

ಇದೇ ಕಲ್ಲಿನ ಗುಡಿ ಕರಾವಳಿಗೆ ಇಳಿದಾಗ ರೂಪ ಬದಲಾಯಿಸುತ್ತೆ. ಭಟ್ಕಳದಲ್ಲಿ 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನ ಇದೆ. ಕಲ್ಲಿನದೇ ಚಾವಣಿ, ಆದ್ರೆ ಮನೆ ಮಾಡಿನ ಹಾಗೆ ಇಳಿಜಾರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1430ರದ್ದು, ಒಂದರ ಮೇಲೊಂದು ಓರೆ ಮಾಡು ಹೊತ್ತು ನಿಂತಿದೆ. 19ನೇ ಶತಮಾನದಲ್ಲಿ ಭಾರತದ ಕಟ್ಟಡಗಳ ಇತಿಹಾಸ ಬರೆದ ಜೇಮ್ಸ್ ಫರ್ಗ್ಯುಸನ್‌ಗೆ ಈ ಕಡೆಯ ಬಸದಿಗಳನ್ನ ನೋಡಿದ್ರೆ ನೇಪಾಳ ನೆನಪಾಗಿತ್ತು. ನೇಪಾಳಕ್ಕೂ ಮೂಡುಬಿದಿರೆಗೂ ಏನು ನೆಂಟಸ್ತಿಕೆ ಅಂತ ತಲೆ ಕೆಡಿಸಿಕೊಳ್ಳೋಕೆ ಮುಂಚೆ ಒಂದು ಜೂನ್ ತಿಂಗಳು ಅಲ್ಲಿ ಕಳೆದ್ರೆ ಸಾಕು. ಆ ಮಳೆಯನ್ನ ಹೊತ್ತು ನಿಲ್ಲೋ ಮಾಡು ಓರೆಯಾಗೇ ಇರಬೇಕು ಅಂತ ಕಣ್ಣಿಗೇ ಗೊತ್ತಾಗುತ್ತೆ.

ಈಗ ಹೆಂಚಿಗೆ ಬರೋಣ. ಮೊದಲಿದ್ದದ್ದು ನಾಡ ಹೆಂಚು, ಕುಂಬಾರರು ಮಾಡ್ತಿದ್ದ ಅರ್ಧ ಕೊಳವೆ ಆಕಾರದ್ದು. ಒಂದು ಸಾಲು ಅಂಗಾತ, ಅದರ ಮೇಲೆ ಇನ್ನೊಂದು ಸಾಲು ಬೋರಲು. ಕೊಕ್ಕೆ ಇಲ್ಲ, ಹಿಡಿತ ಇಲ್ಲ, ತನ್ನ ಭಾರಕ್ಕೆ ತಾನೇ ಕೂತಿರುತ್ತೆ. ಹಾಗಾಗಿ ಅದಕ್ಕೆ ಎರಡೂ ಕಡೆ ಭಯ. ಓರೆ ಕಮ್ಮಿಯಾದ್ರೆ ನೀರು ಒಳಗೆ ಬರುತ್ತೆ, ಜಾಸ್ತಿಯಾದ್ರೆ ಹೆಂಚೇ ಜಾರಿ ಬೀಳುತ್ತೆ. ಕೋತಿ ಹಾರಿದ್ರಂತೂ ಕೇಳೋದೇ ಬೇಡ.

ಇಷ್ಟಾದ್ರೂ ಹೆಂಚು ಎಲ್ಲರಿಗೂ ಸಿಗ್ತಿರಲಿಲ್ಲ. ನಮ್ಮ ಪಕ್ಕದ ಮಲಬಾರಿನಲ್ಲಿ ಹಿಂದೆ ಹೆಂಚು ಗುಡಿಗೆ, ಅರಮನೆಗೆ ಮೀಸಲು. ಬೇರೆಯವರು ಹೊದಿಸಬೇಕಾದ್ರೆ ಅರಸರ ಅಪ್ಪಣೆ ಬೇಕಿತ್ತು. ಮನೆ ಮೇಲೆ ಏನಿದೆ ಅನ್ನೋದು ಮನೆಯೊಳಗೆ ಯಾರಿದ್ದಾರೆ ಅನ್ನೋದನ್ನೂ ಹೇಳ್ತಿತ್ತು.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು. ಮೊದಲ ಕನ್ನಡ ಪತ್ರಿಕೆ ಮಂಗಳೂರ ಸಮಾಚಾರ, ಕಿಟ್ಟೆಲ್ ನಿಘಂಟು ಅಂದ ತಕ್ಷಣ ನೆನಪಾಗೋ ಅದೇ ಮಿಷನ್. ಮತಾಂತರ ಆದವರು ತಮ್ಮ ಜಾತಿಯಿಂದ, ಕುಲಕಸುಬಿನಿಂದ, ಒಕ್ಕಲಿದ್ದ ಜಮೀನಿನಿಂದ ಹೊರಗೆ ಬೀಳ್ತಿದ್ರು. ಅವರ ಹೊಟ್ಟೆಪಾಡಿಗೆ ಏನಾದ್ರೂ ಮಾಡಲೇಬೇಕಿತ್ತು. ನೇಯ್ಗೆ, ಮುದ್ರಣ ಎಲ್ಲ ಶುರುವಾಯ್ತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ನೇತ್ರಾವತಿ, ಗುರುಪುರ ನದಿಗಳ ಬಯಲಲ್ಲಿ ಒಳ್ಳೇ ಜೇಡಿಮಣ್ಣು, ಸುಡೋಕೆ ಕಾಡಿನ ಸೌದೆ, ಸಾಗಿಸೋಕೆ ದೋಣಿ ಮತ್ತು ಬಂದರು. ಎಲ್ಲ ಪಕ್ಕಪಕ್ಕದಲ್ಲೇ. ಮೂರೇ ವರ್ಷಕ್ಕೆ, 1868ರಲ್ಲಿ, ಊರಿನವರದೇ ಆಲ್ಬುಕರ್ಕ್ ಕಾರ್ಖಾನೆಯೂ ಶುರುವಾಯ್ತು.

ಆ ಹೆಂಚಿನಲ್ಲಿ ಹೊಸದೇನಿತ್ತು? ಒಂದಕ್ಕೊಂದು ಕೊಂಡಿ ಹಾಕ್ಕೊಳ್ಳೋ ಹೆಂಚನ್ನ 1841ರಲ್ಲಿ ಫ್ರಾನ್ಸಿನ ಆಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ಪೇಟೆಂಟ್ ಮಾಡಿಸಿದ್ರು. ಅವರ ಊರು ಬಾಸೆಲ್ ನಗರದಿಂದ ಹೆಚ್ಚು ದೂರ ಇಲ್ಲ. ಮಂಗಳೂರು ಹೆಂಚು ಅದೇ ಬಳಗದ್ದು. ಅಂಚಿನಲ್ಲಿ ಕಾಲುವೆ, ಪಕ್ಕದ ಹೆಂಚಿನ ಏಣು ಆ ಕಾಲುವೆಯೊಳಗೆ ಕೂರುತ್ತೆ. ಬೆನ್ನಲ್ಲಿ ಗುಬುಟು, ಅದು ರೀಪಿಗೆ ಸಿಕ್ಕಿಹಾಕ್ಕೊಳ್ಳುತ್ತೆ. ಅಂದ್ರೆ ಸಂದಿ ಇದೆ, ಆದ್ರೆ ಸಂದಿಗೊಂದು ಚರಂಡಿಯೂ ಇದೆ. ಚದರ ಮೀಟರಿಗೆ ಸುಮಾರು 15 ಹೆಂಚು ಸಾಕು. ಹುಲ್ಲಿನಷ್ಟು ಕಡಿದು ಬೇಡ, ನಾಡ ಹೆಂಚಿನ ಹಾಗೆ ಜಾರೋ ಭಯ ಇಲ್ಲ, ಬೆಂಕಿ ಹತ್ತಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಹೊದಿಕೆ ಬದಲಾಯಿಸೋ ಕಷ್ಟ ಇಲ್ಲ. ಮುಂಬೈ, ಸಿಲೋನ್, ಪೂರ್ವ ಆಫ್ರಿಕಾದವರೆಗೆ ಹಡಗಲ್ಲಿ ಹೋಯ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಸರ್ಕಾರ ಮಿಷನ್‌ನ ಕಾರ್ಖಾನೆಗಳನ್ನ ವಶಕ್ಕೆ ತಗೊಂಡು ಬೇರೆ ಕಂಪನಿಗೆ ಕೊಟ್ರೂ, ಹೆಂಚಿನ ಹೆಸರು ಮಂಗಳೂರಿಗೇ ಅಂಟಿಕೊಳ್ತು.

ಆದ್ರೆ ಕೊಂಡಿ ಇದೆ ಅಂತ ಓರೆ ಬಿಡೋಕಾಗಲ್ಲ. ಮಂಗಳೂರು ಹೆಂಚಿಗೆ 26ರಿಂದ 30 ಡಿಗ್ರಿಯಾದ್ರೂ ಬೇಕು, ಮಲೆನಾಡಲ್ಲಿ ಇನ್ನೂ ಸ್ವಲ್ಪ ಹೆಚ್ಚಿದ್ರೆ ನೆಮ್ಮದಿ. 10 ಅಡಿಗೆ 5ರಿಂದ 6 ಅಡಿ ಏರಿಕೆ ಅಂದ್ಕೊಳ್ಳಿ. ಯಾಕೆ ಅಂತ ಅಜ್ಜಿ ಮನೆ ಅಡುಗೆಮನೆಯಿಂದಲೇ ಹೇಳ್ತೀನಿ. ಮೇಲಿನ ಹೆಂಚು ಕೆಳಗಿನ ಹೆಂಚಿನ ಮೇಲೆ 3 ಇಂಚು ಹೊದ್ದುಕೊಂಡಿದೆ ಅಂತ ಇಟ್ಕೊಳ್ಳಿ. ಗಾಳಿ ಮಳೆಯನ್ನ ಕೆಳಗಿನಿಂದ ಮೇಲಕ್ಕೆ ತಳ್ಳುತ್ತೆ. ಓರೆ 30 ಡಿಗ್ರಿ ಇದ್ರೆ ಆ ನೀರು ಒಳಗೆ ಬರೋಕೆ ಒಂದೂವರೆ ಇಂಚು ಎತ್ತರ ಹತ್ತಬೇಕು. ಓರೆ 15 ಡಿಗ್ರಿಗೆ ಇಳಿದ್ರೆ? ಮುಕ್ಕಾಲು ಇಂಚು ಹತ್ತಿದ್ರೆ ಸಾಕು. ಹೆಂಚು ಅದೇ, ಹೊದಿಕೆ ಅದೇ, ಆದ್ರೆ ಗೋಡೆ ಅರ್ಧಕ್ಕೆ ಇಳಿದು ಹೋಯ್ತು. ಜೊತೆಗೆ ನೀರು ನಿಧಾನಕ್ಕೆ ಹರಿಯುತ್ತೆ, ಅಕ್ಕಪಕ್ಕ ಹರಡುತ್ತೆ, ಕಸ ನಿಲ್ಲುತ್ತೆ, ಪಾಚಿ ಹಿಡಿಯುತ್ತೆ. ಆಚಾರ್ರು ಹೇಳಿದ ಎರಡು ಪದಗಳಲ್ಲಿ ಇಷ್ಟೆಲ್ಲ ಇತ್ತು.

ಮುಂದಿನ ಪಾತ್ರ ಶೀಟು. ಅಲೆಅಲೆಯಾಗಿ ಮಡಚಿದ ಕಬ್ಬಿಣದ ತಗಡಿಗೆ ಇಂಗ್ಲೆಂಡಿನ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಪೇಟೆಂಟ್ ತಗೊಂಡ್ರು. ತೆಳು ತಗಡು ಮಡಚಿದ್ರೆ ಗಟ್ಟಿಯಾಗುತ್ತೆ, ಅಷ್ಟೇ ಉಪಾಯ. ಒಂದೊಂದು ಶೀಟೂ ಉದ್ದ, ಸಂದಿ ಬಹಳ ಕಮ್ಮಿ. ಹಾಗಾಗಿ 10 ಅಡಿಗೆ 2 ಅಡಿ ಏರಿದ್ರೂ ನಡೆಯುತ್ತೆ. ಆದ್ರೆ ಹಗುರ, ಗಾಳಿಗೆ ಹಾರದ ಹಾಗೆ ಬಿಗಿಯಬೇಕು. ಬಿಸಿಲಿಗೆ ಕಾಯುತ್ತೆ, ಮಳೆಗೆ ಡೋಲು ಬಾರಿಸುತ್ತೆ.

ಕೊನೆಗೆ ಸಿಮೆಂಟಿನ ತಾರಸಿ. ಸಂದಿಯೇ ಇಲ್ಲ ಅನ್ನೋ ಭರವಸೆ ಮೇಲೆ ನಿಂತಿರೋದು. ಅದಕ್ಕೇ ಮಟ್ಟವಾಗಿರಬಹುದು. ಪೂರ್ತಿ ಮಟ್ಟ ಅಲ್ಲ ಮತ್ತೆ, ಅದಕ್ಕೂ 10 ಅಡಿಗೆ ಒಂದೂಕಾಲು ಇಂಚಿನಷ್ಟು ಓರೆಯನ್ನ ಪೈಪಿನ ಕಡೆಗೆ ಕೊಡಬೇಕು. ಬಯಲುಸೀಮೆಯವರಿಗೆ ಇದು ಮಾಳಿಗೆಯ ಮುಂದುವರಿಕೆ, ಸುಲಭವಾಗಿ ಒಗ್ಗಿತು. ಮಲೆನಾಡು, ಕರಾವಳಿಯಲ್ಲಿ ಅದು ಪ್ರತಿಷ್ಠೆಯಾಗಿ ಬಂತು. ನಮ್ಮ ಅಪ್ಪ ಅಮ್ಮನ ತಲೆಮಾರಿಗೆ "ತಾರಸಿ ಮನೆ" ಅಂದ್ರೆ ಗೆದ್ದ ಹಾಗೆ. ಅದನ್ನ ನಾನು ಗೇಲಿ ಮಾಡಲ್ಲ. ವರ್ಷ ವರ್ಷ ಸೋಗೆ ಕಟ್ಟಿ, ಹೆಂಚು ಕೈಯಾಡಿಸಿ ಸುಸ್ತಾದವರಿಗೆ ಆ ಆಸೆ ನ್ಯಾಯವಾದದ್ದೇ. ಆದ್ರೆ ಬಿಸಿಲಿಗೆ, ಮಳೆಗೆ ಸಿಮೆಂಟು ಸಣ್ಣಗೆ ಬಿರುಕು ಬಿಡುತ್ತೆ. ಆ ಬಿರುಕೇ ಹೊಸ ಸಂದಿ. ಮತ್ತೆ ಅಲ್ಲಿ ಓರೆ ಇಲ್ಲ. ನೀರಿಗೆ ಬೇಕಾದಷ್ಟು ಪುರುಸೊತ್ತು.

ಅದಕ್ಕೇ ಇವತ್ತು ಶಿವಮೊಗ್ಗದಿಂದ ಮಂಗಳೂರಿಗೆ ಹೋಗೋ ದಾರಿಯಲ್ಲಿ ಒಂದು ವಿಚಿತ್ರ ಕಾಣುತ್ತೆ. ತಾರಸಿ ಮನೆ, ಅದರ ಮೇಲೆ ಕಬ್ಬಿಣದ ಕಂಬ, ಅದರ ಮೇಲೆ ಓರೆಯಾದ ಶೀಟಿನ ಮಾಡು. ಒಂದೇ ಮನೆಗೆ ಎರಡು ಚಾವಣಿ, ಎರಡು ಸಲ ಖರ್ಚು. ಅಜ್ಜನ ಕಾಲದ ಓರೆಯನ್ನ ಬೇಡ ಅಂದ್ವಿ, ಮಳೆ ಅದನ್ನ ವಾಪಸ್ ತರಿಸ್ತು.

ಕಾಮರ್ಸ್ ಓದಿದವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಓರೆಗೆ ಬೆಲೆ ಎಷ್ಟು? ನೆಲದ ಅಳತೆ 1000 ಚದರ ಅಡಿ ಇಟ್ಕೊಳ್ಳಿ. ಹುಲ್ಲಿನ 45 ಡಿಗ್ರಿಗೆ ಮಾಡಿನ ಅಳತೆ 1414 ಚದರ ಅಡಿ ಆಗುತ್ತೆ. ಹೆಂಚಿನ 30 ಡಿಗ್ರಿಗೆ 1155. ಶೀಟಿಗೆ, 10 ಅಡಿಗೆ 2 ಅಡಿ ಲೆಕ್ಕದಲ್ಲಿ, 1020. ಓರೆ ಹೆಚ್ಚಿದಷ್ಟೂ ಮರ, ಮಾಲು, ಕೂಲಿ ಎಲ್ಲ ಹೆಚ್ಚು. ಜೊತೆಗೆ ಭಾರ: ಆ 1155 ಚದರ ಅಡಿಗೆ ಸುಮಾರು 1600 ಹೆಂಚು, ಒಣಗಿದ ತೂಕವೇ ಮೂರೂವರೆಯಿಂದ ನಾಲ್ಕು ಟನ್. ಹಾಗಾಗಿ ಹಳಬರು ಸುಮ್ಮಸುಮ್ಮನೆ ಓರೆ ಕೊಟ್ಟಿರಲಿಲ್ಲ. ಬೇಕಾದಷ್ಟೇ ಕೊಟ್ಟಿದ್ರು. ಎಲ್ಲೋ ಉಳಿಸೋಕೆ ಹೋಗಿ ಓರೆಯಲ್ಲಿ ಉಳಿಸಿದ್ರೆ ಬಡ್ಡಿ ಸಮೇತ ಪಾತ್ರೆ ಇಡಬೇಕಾಗುತ್ತೆ.

ಅಜ್ಜಿ ಮನೆಯಲ್ಲಿ ಏನಾಯ್ತು ಅಂತ ಕೇಳ್ತೀರ. ಆಚಾರ್ರು ಎರಡು ದಾರಿ ಹೇಳಿದ್ರು. ಒಂದು, ಅಡುಗೆಮನೆ ಮಾಡನ್ನ ಬಿಚ್ಚಿ ಹಳೇ ಸೂರಿನೊಳಗೆ ಎತ್ತರಕ್ಕೆ ಸೇರಿಸಿ ಓರೆ ಸರಿ ಮಾಡೋದು. ಖರ್ಚು ಜಾಸ್ತಿ. ಇನ್ನೊಂದು, ಓರೆಯನ್ನ ಹಾಗೇ ಬಿಟ್ಟು, ಆ ಓರೆಗೆ ಒಗ್ಗೋ ವಸ್ತು ಹಾಕೋದು. ಮಾವ ಎರಡನೇದು ಆರಿಸಿದ್ರು. ಈಗ ಹಳೇ ಭಾಗಕ್ಕೆ ಹೆಂಚು, ಹಿಂದಿನ ತುಂಡಿಗೆ ಶೀಟು. ನೋಡೋಕೆ ಜೋಡಿಯಲ್ಲ, ಆದ್ರೆ ಸೋರಲ್ಲ. ಅಜ್ಜಿಗೆ ಮಾತ್ರ ಸಮಾಧಾನ ಇಲ್ಲ. "ಮಳೆ ಬಂದ್ರೆ ಕುಕ್ಕರ್ ಎಷ್ಟು ಸಲ ಕೂಗ್ತು ಅಂತ್ಲೇ ಗೊತ್ತಾಗಲ್ಲ ಮಗಾ" ಅಂತಾರೆ.

ನಿಮ್ಮ ಊರಲ್ಲೂ ಹಳೇ ಮನೆ ರಿಪೇರಿ ಮಾತು ನಡೀತಿರಬಹುದು. ಹೆಂಚು ತೆಗೆದು ಶೀಟು ಹಾಕೋಣ, ಶೀಟು ತೆಗೆದು ಹೆಂಚು ಹಾಕೋಣ ಅಂತ. ಎರಡನೇದು ಹುಷಾರು: ಶೀಟಿನ ಓರೆ ಮೇಲೆ ಹೆಂಚು ಕೂರಿಸಿದ್ರೆ ನಮ್ಮ ಅಡುಗೆಮನೆ ಕಥೆಯೇ. ಒಂದು ಕೆಲಸ ಮಾಡಿ. ನಿಮ್ಮ ಫೋನಲ್ಲಿ ಲೆವೆಲ್ ತೋರಿಸೋ ಆ್ಯಪ್ ಇರುತ್ತೆ. ಒಳಗಡೆಯಿಂದ ಪಕ್ಕಾಸಿಗೆ ಫೋನ್ ಒತ್ತಿ ಹಿಡಿದು ಡಿಗ್ರಿ ನೋಡಿ. ಆ ನಂಬರ್ ಬರೆದಿಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗಿ. ಮೊದಲು ಬಣ್ಣ, ಆಮೇಲೆ ಬೆಲೆ, ಕೊನೆಗೆ ಓರೆ ಅಂತ ಹೋಗ್ತೀವಿ ನಾವು. ಮಳೆ ನೋಡೋದು ಉಲ್ಟಾ ಕ್ರಮದಲ್ಲಿ.

ಹೇಳೋಕೆ ಮರೆತೆ, ಆಚಾರ್ರನ್ನ ಕೇಳಿದ್ದೆ, ಅಂಗಳದಲ್ಲೇ ನಿಂತು ಓರೆ ಕಮ್ಮಿ ಅಂತ ಹೇಗೆ ಗೊತ್ತಾಯ್ತು ಅಂತ. ನಕ್ಕು, ಹಳೇ ಮಾಡಿನ ಕಡೆ ಕೈ ತೋರಿಸಿದ್ರು. "ಅದನ್ನ ಹೊದಿಸಿದ್ದು ನಮ್ಮಪ್ಪ" ಅಂದ್ರು. ನಿಮ್ಮ ಮನೆ ಮಾಡನ್ನ ಯಾರು ಕಟ್ಟಿದ್ದು, ಎಷ್ಟು ಓರೆ ಇದೆ, ಗೊತ್ತಿದ್ರೆ ನನಗೂ ತಿಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ನಮಸ್ಕಾರ.